ಹಂಪೆಯ ಹೂಗಳು ಮತ್ತು ಒಂದು ದಾಸವಾಳ

ನಮ್ಮ ಹೊಸಪೇಟೆಯ ಮನೆಯ ಹಿತ್ತಿಲಿನಲ್ಲಿ ಒಂದು ದಾಸವಾಳದ ಗಿಡವಿದೆ. ಅದನ್ನು ನೆಟ್ಟವರು ಯಾರೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಬೆಳಗಾದರೆ ಏಳೆಂಟು ಕೆಂಪು ಹೂಗಳನ್ನು ಬಿಡುತ್ತದೆ. ಅವು ದೇವರ ಪಟಗಳ ಮೇಲೆ ಒಂದು ಹಗಲನ್ನು ಕಳೆದು ಸಂಜೆಗೆ ಮುದುಡಿಕೊಳ್ಳುತ್ತವೆ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಆ ಗಿಡದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುವುದು ವಾಡಿಕೆ. ಈಚೆಗೆ ಒಂದು ಬೆಳಿಗ್ಗೆ ನನ್ನ ಅಣ್ಣನ ಮೊಮ್ಮಗಳು ಅಲ್ಲಿಗೆ ಬಂದು, ನಾನು ಓದುತ್ತಿದ್ದ ಪತ್ರಿಕೆಯ ಮೇಲೆಯೇ ಒಂದು ಚಿತ್ರವನ್ನು ಇಟ್ಟು, "ತಾತ, ಇದು ಯಾವ ಹೂ ಹೇಳಿ ನೋಡೋಣ" ಎಂದಳು. ಅವಳು ಚಿತ್ರಕಲೆಯ ವಿದ್ಯಾರ್ಥಿನಿ. ಹೂಗಳನ್ನೂ ಪಾಪ್ ಆರ್ಟ್ ಎಂಬ ಪಾಶ್ಚಾತ್ಯ ಕಲಾಪಂಥವನ್ನೂ ಆಧರಿಸಿದ ಕೆಲವು ಚಿತ್ರಗಳನ್ನು ರಚಿಸಿ ವರ್ಷದ ಕೊನೆಗೆ ಒಪ್ಪಿಸಬೇಕೆಂದು ಅವಳಿಗೆ ವಿಧಿಸಲಾಗಿತ್ತು. ಅದನ್ನು ಅವರೆಲ್ಲ ಪ್ರಾಜೆಕ್ಟ್ ಎನ್ನುತ್ತಾರೆ.

ಚಿತ್ರದಲ್ಲಿ ನಾಲ್ಕು ಹೂಗಳಿದ್ದವು. ಎಸಳುಗಳ ಮೇಲೆ ನೆರಳಿಲ್ಲ, ನರಗಳಿಲ್ಲ. ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾದ ಬಣ್ಣ. ಹಿಂದೆ ಕಪ್ಪಾಗಿ ಒರಟಾಗಿ ಹುಲ್ಲು. ನಾನು ಕನ್ನಡಕ ಏರಿಸಿ ನೋಡಿ, ಸೇವಂತಿಗೆಯೂ ಅಲ್ಲ, ಚೆಂಡುಹೂವೂ ಅಲ್ಲ, ಯಾವುದೋ ವಿಲಾಯಿತಿ ಹೂವಿರಬೇಕು ಎಂದೆ. ಅವಳು ನಕ್ಕು ನನ್ನ ಬೆನ್ನ ಹಿಂದಿನ ಗಿಡದ ಕಡೆ ಬೆರಳು ತೋರಿಸಿದಳು.

ಈ ಭಾಷಣದ ಮೂಲ ಆ ಬೆಳಗಿನ ನನ್ನ ಸೋಲಿನಲ್ಲಿದೆ. ಆದರೆ ಸೋತವನು ನಾನೊಬ್ಬನೇ ಅಲ್ಲವೆಂಬುದು ಅನಂತರ ತಿಳಿಯಿತು.

ಆ ಚಿತ್ರವನ್ನು ರಚಿಸಿದವನು ಅಮೆರಿಕದ ಆಂಡಿ ವಾರ್ಹಾಲ್. ಪಾಪ್ ಆರ್ಟ್ ಎಂಬುದಕ್ಕೆ 'ಜನಪ್ರಿಯ ಕಲೆ' ಎಂದರೆ ಅರ್ಥ ಪೂರ್ತಿಯಾಗಿ ಬರುವುದಿಲ್ಲ. ಅಂಗಡಿಯ ಡಬ್ಬಿ, ಜಾಹೀರಾತು, ಚಿತ್ರತಾರೆಯ ಮುಖ, ಪತ್ರಿಕೆಯ ಚಿತ್ರ ಮುಂತಾಗಿ ಪೇಟೆಯಲ್ಲಿ ಸಾವಿರಗಟ್ಟಲೆ ಹರಿದಾಡುವ ವಸ್ತುಗಳನ್ನು ಹಾಗೆಯೇ ಎತ್ತಿಕೊಂಡು ಕಲಾಶಾಲೆಯ ಗೋಡೆಗೆ ತಗುಲಿಸುವ ಪಂಥ ಅದು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮೊಳೆತು, ಅಮೆರಿಕದಲ್ಲಿ ಹೆಮ್ಮರವಾಯಿತು. ವಾರ್ಹಾಲ್ 1962ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಮೂವತ್ತೆರಡು ಸಾರಿನ ಡಬ್ಬಿಗಳ ಮೂವತ್ತೆರಡು ಚಿತ್ರಗಳನ್ನು ಸಾಲಾಗಿ ಪ್ರದರ್ಶಿಸಿದ. ಎರಡು ವರ್ಷದ ಮೇಲೆ, 1964ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಲಿಯೋ ಕಾಸ್ಟೆಲಿ ಗ್ಯಾಲರಿಯಲ್ಲಿ ಈ ಹೂಗಳನ್ನು ಗೋಡೆ ತುಂಬ ತೂಗುಹಾಕಿದ. ಒಂದೇ ನಾಲ್ಕು ಹೂ. ಬಣ್ಣ ಮಾತ್ರ ಬೇರೆ ಬೇರೆ. ಅದನ್ನು ನೋಡಿ ಬರೆದ ವಿಮರ್ಶಕರಲ್ಲಿ ಕೆಲವರು ಅವು ಅನೆಮೊನಿ ಹೂಗಳೆಂದರು, ಕೆಲವರು ಪ್ಯಾನ್ಸಿ ಎಂದರು. ದಾಸವಾಳವನ್ನು ಅಲ್ಲಿಯೂ ಹಲವರು ಗುರುತಿಸಲಿಲ್ಲ.

ಗುರುತಿಸಿದವರು ಒಬ್ಬರಿದ್ದರು. ಪೆಟ್ರೀಷಿಯಾ ಕಾಲ್ಫೀಲ್ಡ್ ಎಂಬ ಛಾಯಾಗ್ರಾಹಕಿ ತೆಗೆದ ದಾಸವಾಳದ ಚಿತ್ರ ಆ ವರ್ಷದ ಜೂನ್ ತಿಂಗಳ 'ಮಾಡರ್ನ್ ಫೋಟೋಗ್ರಫಿ' ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮನೆಯಲ್ಲಿಯೇ ಬಣ್ಣದ ಚಿತ್ರ ತೊಳೆಯುವ ಯಂತ್ರವೊಂದನ್ನು ಕುರಿತ ಲೇಖನಕ್ಕಾಗಿ ಅದೇ ಚಿತ್ರವನ್ನು ಬಣ್ಣ ಹೆಚ್ಚು ಕಡಿಮೆ ಮಾಡಿ ಪುಟದ ಮೇಲೆ ಹಲವು ಬಾರಿ ಮುದ್ರಿಸಿದ್ದರು. ವಾರ್ಹಾಲ್ ಅದನ್ನು ಕತ್ತರಿಸಿ, ಏಳು ಹೂಗಳಲ್ಲಿ ನಾಲ್ಕನ್ನು ಉಳಿಸಿಕೊಂಡು, ಚೌಕಕ್ಕೆ ಹೊಂದಿಸಿ, ರೇಷ್ಮೆಪರದೆಯ ಮೂಲಕ ಬಟ್ಟೆಯ ಮೇಲೆ ಒತ್ತಿದ. ಆಕೆ 1966ರಲ್ಲಿ ಮೊಕದ್ದಮೆ ಹೂಡಿದರು. ವಿವಾದ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಅಂದರೆ ಆ ಚಿತ್ರದಲ್ಲಿ ಕಳೆದುಹೋದ ಹೆಸರುಗಳು ಎರಡು: ಹೂವಿನದೊಂದು, ಚಿತ್ರ ತೆಗೆದಾಕೆಯದೊಂದು. ಈ ಸಂಗತಿಯನ್ನೆಲ್ಲ ನನಗೆ ಓದಿ ಹೇಳಿದವಳು ಹುಡುಗಿಯೇ. ನಾನು ಹಳೆಯ ಕಾಲದ ಮೇಷ್ಟರ ಠೀವಿಯಲ್ಲಿ, ಇನ್ನೊಬ್ಬರದನ್ನು ಕದ್ದು ನೂರು ಸಲ ಅಚ್ಚೊತ್ತುವುದೂ ಒಂದು ಕಲೆಯೆ ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಹಂಪೆಗೆ ಕರೆದುಕೊಂಡು ಹೋಗಿ ಎಂದಳು. ಕಲ್ಲಿನಲ್ಲಿ ಹೂಗಳಿವೆಯಲ್ಲ, ಅವನ್ನು ಬರೆದುಕೊಳ್ಳಬೇಕಂತೆ.

ಹಂಪೆಗೆ ಹೋಗುವ ಮೊದಲು ಕಂಪ್ಲಿಗೆ ಹೋದೆವು. ಅಲ್ಲಿ ನನ್ನ ತಂಗಿಯ ಮನೆಯಿದೆ. ಕಂಪ್ಲಿಯ ಹೆಸರು ಚರಿತ್ರೆಯ ಪುಟಗಳಲ್ಲಿ ಕಾಣುವುದು ಬಹುಮಟ್ಟಿಗೆ ಯುದ್ಧಗಳ ಪ್ರಸಂಗದಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜನು ಇಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದೆನೆಂದು ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. 1327ರಲ್ಲಿ ದೆಹಲಿಯ ತುಘಲಕನ ಸೈನ್ಯದ ಮುಂದೆ ಕಂಪಿಲರಾಯನ ರಾಜ್ಯ ಮುಗಿಯಿತು. ಇಂದು ಹೊಳೆಯ ದಂಡೆಯ ಕೋಟೆಯನ್ನು ದಾಟಿದರೆ ಕಬ್ಬು, ಬಾಳೆ, ಬತ್ತ. ನಾವು ನೋಡಹೋದುದು ಇವು ಯಾವುದನ್ನೂ ಅಲ್ಲ. ತಂಗಿಯ ಅತ್ತೆಯವರ ಕಾಲದ್ದೊಂದು ತಗಡಿನ ರಂಗೋಲಿ ಅಚ್ಚು ಅವಳ ಅಡಿಗೆಮನೆಯ ನಾಗಂದಿಗೆಯ ಮೇಲಿದೆಯೆಂದು ನನಗೆ ನೆನಪಿತ್ತು.

ಶ್ರೋತೃಗಳಲ್ಲಿ ಹಿರಿಯರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇನೆ. ಅಂಗೈಯಗಲದ ತಗಡಿನ ಪೆಟ್ಟಿಗೆ. ಅದರ ತಳದಲ್ಲಿ ಕಮಲದ ಆಕಾರದಲ್ಲಿ ಸಣ್ಣ ಸಣ್ಣ ತೂತುಗಳು. ಒಳಗೆ ರಂಗೋಲಿ ಪುಡಿ ತುಂಬಿ ನೆಲದ ಮೇಲಿಟ್ಟು ಒಮ್ಮೆ ತಟ್ಟಿದರೆ ಒಂದು ಕಮಲ ಮೂಡುತ್ತದೆ. ಪಕ್ಕದಲ್ಲಿಟ್ಟು ಮತ್ತೆ ತಟ್ಟಿದರೆ ಮತ್ತೊಂದು. ಉರುಳಿಸುವ ಕೊಳವೆಯಂಥದೂ ಉಂಟು. ಅದನ್ನು ತಳ್ಳಿಕೊಂಡು ಹೋದರೆ ಹೊಸ್ತಿಲುದ್ದಕ್ಕೂ ಬಳ್ಳಿಯೇ ಹರಿಯುತ್ತದೆ. ಹಂಪೆಯ ಜಾತ್ರೆಯಲ್ಲಿ ಕುಂಕುಮ, ಬಣ್ಣದ ಪುಡಿಗಳ ರಾಶಿಯ ಪಕ್ಕದಲ್ಲಿ ಇಂಥ ಅಚ್ಚುಗಳನ್ನು ಇಟ್ಟು ಮಾರುವವರು ಇಂದಿಗೂ ಕಾಣಸಿಗುತ್ತಾರೆ.

ಹುಡುಗಿ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ರೇಷ್ಮೆಪರದೆಯ ಮುದ್ರಣವೆಂದರೆ ಇದೇ ಎಂದಳು. ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯಲ್ಲಿ ಬಣ್ಣ ಇಳಿಯಬಾರದ ಕಡೆ ರಂಧ್ರಗಳನ್ನು ಮುಚ್ಚುತ್ತಾರೆ; ಇಳಿಯಬೇಕಾದ ಕಡೆ ಬಿಡುತ್ತಾರೆ; ರಬ್ಬರಿನ ಪಟ್ಟಿಯಿಂದ ಬಣ್ಣವನ್ನು ಎಳೆದರೆ ಕೆಳಗೆ ಚಿತ್ರ. ನಮ್ಮ ಊರಿನಲ್ಲಿ ಲಗ್ನಪತ್ರಿಕೆಯನ್ನೂ ಬಟ್ಟೆಯ ಬ್ಯಾನರನ್ನೂ ಬಹುಕಾಲ ಮುದ್ರಿಸಿದ್ದು ಈ ಕ್ರಮದಿಂದಲೇ. "ಹಾಗಾದರೆ ಈ ಅಜ್ಜಿಯೂ ಪಾಪ್ ಕಲಾವಿದೆಯೇ" ಎಂದು ಅವಳು ತೀರ್ಮಾನಕ್ಕೆ ಬಂದುಬಿಟ್ಟಳು. ಅದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ವಾರ್ಹಾಲನಿಗೆ ತಾನು ಪೇಟೆಯನ್ನು ಕಲೆಯ ಮನೆಯೊಳಗೆ ಕರೆತರುತ್ತಿದ್ದೇನೆಂಬ ಅರಿವಿತ್ತು. ಅದರಲ್ಲಿ ಒಂದು ತಣ್ಣನೆಯ ಕೀಟಲೆಯೂ ಇತ್ತು. ತಂಗಿಯ ಅತ್ತೆ ಲಕ್ಷ್ಮಿಯನ್ನು ಮನೆಯೊಳಗೆ ಕರೆಯುತ್ತಿದ್ದರು. ಯಂತ್ರ ಒಂದೇ ಆದ ಮಾತ್ರಕ್ಕೆ ಮಂತ್ರ ಒಂದಾಗುವುದಿಲ್ಲ. ಆದರೂ ಪುನರುಕ್ತಿ ನಮಗೆ ಹೊಸದಲ್ಲವೆಂಬ ಅವಳ ಮಾತನ್ನು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ.

ಲಕ್ಷ್ಮಿಯ ಮಾತು ಬಂದುದರಿಂದ ಒಂದು ಉಪಕಥೆ. ಆ ಮನೆಯ ಪಡಸಾಲೆಯಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿಯ ಹಳೆಯ ಪಟವೊಂದಿದೆ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ದೇವತೆಗಳ ಬಣ್ಣದ ಪಟಗಳನ್ನು ಮನೆಮನೆಗೆ ತಲುಪಿಸಿದ ಸಂಗತಿ ಎಲ್ಲರಿಗೂ ಗೊತ್ತು. ಆ ಪಟಗಳ ಸೀರೆಗೆ ಜರಿಯನ್ನೂ ಮಿಣುಕುಗಳನ್ನೂ ಅಂಟಿಸಿ ಮನೆಯ ಹೆಣ್ಣುಮಕ್ಕಳು ತಮ್ಮದನ್ನಾಗಿ ಮಾಡಿಕೊಂಡದ್ದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಗುಲ್ಬರ್ಗದ ಎಸ್. ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳು ಅನಂತರದ ತಲೆಮಾರಿನವು. ಬರೋಡೆಯ ಭೂಪೇನ್ ಖಖ್ಖರ್ 1960ರ ದಶಕದಲ್ಲಿ ಇಂಥ ಅಂಗಡಿಯ ದೇವರ ಪಟಗಳನ್ನೇ ತನ್ನ ಕೃತಿಗಳಿಗೆ ಅಂಟಿಸಿದಾಗ, ಪಾಪ್ ಆರ್ಟ್ ಭಾರತಕ್ಕೆ ಬಂದಿತೆಂದು ಬಲ್ಲವರು ಬರೆದರು. ತಂಗಿಯ ಮನೆಯ ಪಟದ ಕಮಲಕ್ಕೂ ಯಾರೋ ಗುಲಾಬಿ ಬಣ್ಣದ ಮಿಣುಕುಗಳನ್ನು ಅಂಟಿಸಿದ್ದಾರೆ. ಯಾರೆಂದು ತಂಗಿಗೂ ತಿಳಿಯದು.

ಮರುದಿನ ಹಂಪೆ. ಕನ್ನಡ ಓದಿದವನಿಗೆ ಹಂಪೆಯ ಹೂ ಎಂದೊಡನೆ ನೆನಪಾಗುವವನು ಹರಿಹರ. ವಿಜಯನಗರ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಮುಂಚಿನವನು. ಹೊಯ್ಸಳರ ಆಸ್ಥಾನದ ಕರಣಿಕತನವನ್ನು ಬಿಟ್ಟು ಪಂಪಾಕ್ಷೇತ್ರಕ್ಕೆ ಬಂದು ವಿರೂಪಾಕ್ಷನ ಸೇವೆಯಲ್ಲಿ ನೆಲೆಸಿದನೆಂದು ಸಂಪ್ರದಾಯ ಹೇಳುತ್ತದೆ. ಅವನ 'ಪುಷ್ಪರಗಳೆ'ಯನ್ನು ಎಷ್ಟು ವರ್ಷ ತರಗತಿಯಲ್ಲಿ ಬೋಧಿಸಿದೆನೋ ಲೆಕ್ಕವಿಲ್ಲ. ಆ ಕಾವ್ಯದಲ್ಲಿ ಕಥೆಯೆಂಬುದಿಲ್ಲ. ಭಕ್ತನೊಬ್ಬನು ನಸುಕಿನಲ್ಲಿ ಎದ್ದು ತೋಟಕ್ಕೆ ಹೋಗಿ, ಹೂಗಳನ್ನು ಒಂದೊಂದಾಗಿ ಮಾತನಾಡಿಸಿ, ಬಿಡಿಸಿಕೊಂಡು, ಮಾಲೆ ಕಟ್ಟಿ, ವಿರೂಪಾಕ್ಷನಿಗೆ ಏರಿಸುತ್ತಾನೆ, ಇಷ್ಟೆ. ಆದರೆ ಅಲ್ಲಿ ಹೂ ಎಂಬ ಸಾಮಾನ್ಯ ಪದಾರ್ಥವಿಲ್ಲ. ಮಲ್ಲಿಗೆ, ಸಂಪಗೆ, ಸುರಗಿ ಎಂದು ಒಂದೊಂದಕ್ಕೂ ಹೆಸರು ಹಿಡಿದು ಕರೆಯುವ ಸಲುಗೆಯಿದೆ. ಪರೀಕ್ಷೆಗೆ ಬರೆಯುವವರಿಗೆ ನಾನು ಇದನ್ನು 'ಭಕ್ತಿಯ ಉತ್ಕಟತೆ' ಎಂದು ಟಿಪ್ಪಣಿ ಬರೆಸುತ್ತಿದ್ದೆ. ಹಿತ್ತಿಲಿನ ದಾಸವಾಳವನ್ನು ಗುರುತಿಸಲಾರದೆ ಹೋದ ಮೇಲೆ, ಆ ಟಿಪ್ಪಣಿ ಬರೆಸಿದ ಮೇಷ್ಟರು ಸುರಗಿಯನ್ನು ಎಂದಾದರೂ ಕಣ್ಣಾರೆ ಕಂಡಿದ್ದನೇ ಎಂಬ ಪ್ರಶ್ನೆ ನನಗೇ ಹುಟ್ಟಿತು. ಕಂಡಿರಲಿಲ್ಲ.

ಹೊರಗಿನಿಂದ ಬಂದವರಿಗೂ ಹಂಪೆಯ ಹೂಗಳು ಕಣ್ಣಿಗೆ ಬಿದ್ದಿವೆ. 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ ಹೆರಾತಿನ ರಾಯಭಾರಿ ಅಬ್ದುರ್ ರಜಾಕನು, ಇಲ್ಲಿ ಎಲ್ಲೆಲ್ಲಿಯೂ ಗುಲಾಬಿಯನ್ನು ಮಾರುತ್ತಾರೆ, ಅನ್ನದಷ್ಟೇ ಅದೂ ಈ ಜನಕ್ಕೆ ಅಗತ್ಯ ಎಂಬ ಅಭಿಪ್ರಾಯವನ್ನು ಬರೆದಿಟ್ಟ. ಇಂಗ್ಲಿಷ್ ಅನುವಾದಗಳಿಂದ ನಮಗೆ ಬಂದ ಗುಲಾಬಿ ಇದು. ನನಗೆ ಒಂದು ಅನುಮಾನವುಂಟು. ಪಾರಸಿಯಲ್ಲಿ 'ಗುಲ್' ಎಂದರೆ ಗುಲಾಬಿಯೂ ಹೌದು, ಸುಮ್ಮನೆ ಹೂವೂ ಹೌದು. ನಮ್ಮ 'ಗುಲಾಬಿ' ಶಬ್ದವೂ ಗುಲ್ ಮತ್ತು ಆಬ್, ಎಂದರೆ ಹೂವು ಮತ್ತು ನೀರು, ಇವುಗಳಿಂದ ಬಂದದ್ದು. ಆ ರಾಯಭಾರಿ ಕಂಡದ್ದರಲ್ಲಿ ನಮ್ಮ ಸೇವಂತಿಗೆಯೂ ಮಲ್ಲಿಗೆಯೂ ಎಷ್ಟಿದ್ದವೋ! ನ್ಯೂಯಾರ್ಕಿನ ವಿಮರ್ಶಕರು ದಾಸವಾಳವನ್ನು ಪ್ಯಾನ್ಸಿಯೆಂದಂತೆ, ಹೆರಾತಿನವರಿಗೆ ಎಲ್ಲವೂ ಗುಲ್ ಆಗಿ ತೋರಿದ್ದರೆ ತಪ್ಪು ಹೇಳುವಂತಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಅರಮನೆಯ ಒಂದು ಕೋಣೆಯನ್ನು ಕಂಡ. ಮೇಲಿನಿಂದ ಕೆಳಗಿನವರೆಗೆ ದಂತದ ಕೆಲಸ. ಕಂಬಗಳ ತುದಿಯಲ್ಲಿ ದಂತದ ಗುಲಾಬಿಗಳು, ಕಮಲಗಳು. ಇದಕ್ಕಿಂತ ಚೆಲುವಾದುದನ್ನು ಬೇರೆಲ್ಲಿಯೂ ಕಾಣುವುದು ಕಷ್ಟವೆಂದು ಅವನಿಗೆ ಅನಿಸಿತು. ಆ ಕೋಣೆ ಇಂದಿಲ್ಲ. ಅದೇ ಪಾಯೆಸ್ ನೋಡಿದ, ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರವೇ ನಮ್ಮ ಹೊಸಪೇಟೆ. ನಮ್ಮ ಬಸ್ ನಿಲ್ದಾಣದ ಎದುರಿಗೆ ಹೂವಾಡಗಿತ್ತಿಯರು ಕನಕಾಂಬರವನ್ನೂ ಕಾಕಡವನ್ನೂ ಮೊಳದ ಲೆಕ್ಕದಲ್ಲಿ ಮಾರುವಾಗ, ಅಳತೆಗೋಲು ಅವರ ಮೊಳಕೈಯೇ ಆದುದರಿಂದ, ಎತ್ತರದ ಹೆಂಗಸಿನ ಬಳಿ ಕೊಳ್ಳುವುದು ಲಾಭವೆಂದು ನನ್ನ ತಾಯಿ ಹೇಳುತ್ತಿದ್ದಳು.

ದಂತದ ಹೂಗಳು ಹೋದರೂ ಕಲ್ಲಿನವು ಉಳಿದಿವೆ. ವಿಜಯನಗರದ ಕಂಬಗಳ ಮೇಲೆ ತೊಲೆಯನ್ನು ಹೊರುವ ಚಾಚುಗಲ್ಲಿನ ತುದಿಯಿಂದ ಕೆಳಮುಖವಾಗಿ ಇಳಿಯುವ ಕಮಲದ ಮೊಗ್ಗನ್ನು ಶಿಲ್ಪಶಾಸ್ತ್ರಜ್ಞರು ಪುಷ್ಪಬೋದಿಗೆ ಎನ್ನುತ್ತಾರೆ. ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನು 1510ರಲ್ಲಿ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದ ರಂಗಮಂಟಪದಲ್ಲಿ ನಿಂತು ಕತ್ತೆತ್ತಿದರೆ ಎತ್ತ ನೋಡಿದರೂ ಅವೇ. ಹುಡುಗಿ ಅಲ್ಲಿ ಗೋಡೆಗೆ ಒರಗಿ ಕುಳಿತು ಅರ್ಧ ದಿನ ಕಳೆದಳು. ಮೊದಲು ಒಂದನ್ನು ಬರೆದುಕೊಂಡು ಉಳಿದವನ್ನು ಅದರ ನಕಲೆಂದು ಬಿಡುವ ಯೋಚನೆ ಅವಳದು. ಎರಡನೆಯದನ್ನು ನೋಡಿದಾಗ ಅದರ ಎಸಳು ತುಸು ಗಿಡ್ಡ. ಮೂರನೆಯದರ ತುದಿಯಲ್ಲಿ ಮೊಗ್ಗು ಹೆಚ್ಚು ಚೂಪು. ನಕಲು ಮಾಡುವಾಗಲೂ ಕೈ ತನ್ನ ಅಭ್ಯಾಸವನ್ನು ಬಿಡುವುದಿಲ್ಲ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಒಂದರ ಮೇಲೊಂದು ಹರಿದಿವೆಯಲ್ಲ, ಅಲ್ಲಿಯೂ ಇದೇ ಮಾತು. ದೂರದಿಂದ ಅಚ್ಚೊತ್ತಿದಂತೆ ಕಾಣುವ ಆನೆಗಳನ್ನು ಹತ್ತಿರ ಹೋಗಿ ನೋಡಿದರೆ ಸೊಂಡಿಲು ಒಂದೊಂದಕ್ಕೆ ಒಂದೊಂದು ಬಗೆ.

ರಂಗಮಂಟಪದ ಮಾಳಿಗೆಯ ವರ್ಣಚಿತ್ರಗಳಲ್ಲಿ ಮನ್ಮಥನೂ ಇದ್ದಾನೆ. ತಪಸ್ಸಿಗೆ ಕುಳಿತ ಶಿವನತ್ತ ಹೂಬಾಣವನ್ನು ಹೂಡಿದ್ದಾನೆ. ಈ ಚಿತ್ರಗಳು ವಿಜಯನಗರದ ಕಾಲದವೇ, ಅನಂತರದವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದು ಇಲ್ಲಿ ಮುಖ್ಯವೂ ಅಲ್ಲ. ಮನ್ಮಥನ ಬಾಣಗಳು ಐದೆಂದೂ, ಅವು ಅರವಿಂದ, ಅಶೋಕ, ಚೂತ, ನವಮಲ್ಲಿಕೆ, ನೀಲೋತ್ಪಲಗಳೆಂದೂ ಹೇಳಿದೆ. ಹುಡುಗಿ ಕೂಡಲೆ ಬರೆದುಕೊಂಡಳು. ಬಾಣಕ್ಕೂ ಹೆಸರಿದೆ, ಬಿಟ್ಟವನಿಗೂ ಹೆಸರಿದೆ. ಇದನ್ನು ಬರೆದವನ ಹೆಸರೇನು ಎಂದು ಕೇಳಿದಳು. ಹೊಯ್ಸಳರ ನಾಡಿನಲ್ಲಿ ಈ ಪ್ರಶ್ನೆಗೆ ಎಷ್ಟೋ ಕಡೆ ಉತ್ತರವುಂಟು. ಅಲ್ಲಿನ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಕೊರೆದಿದ್ದಾರೆ. ಮಲ್ಲಿತಮ್ಮನನ್ನು, ಬಳ್ಳಿಗಾವಿಯ ದಾಸೋಜನನ್ನು ನಾವು ಹೆಸರಿನಿಂದ ಬಲ್ಲೆವು. ವಿಜಯನಗರಕ್ಕೆ ಬಂದರೆ ಇಂಥ ರುಜುಗಳು ವಿರಳ. ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿದೆ. ಕಡೆದವನ ಹೆಸರು ಕಲ್ಲಿನೊಳಗೇ ಉಳಿದಿದೆ. ಅವಳು ತನ್ನ ಪುಸ್ತಕದಲ್ಲಿ ಪುಷ್ಪಬೋದಿಗೆಯ ಚಿತ್ರದ ಕೆಳಗೆ ಒಂದು ಗೆರೆ ಎಳೆದು ಖಾಲಿ ಬಿಟ್ಟಳು.

ಮಲ್ಲಿಗೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಹೂವಿನ ಹಡಗಲಿಯ ಹೆಸರಿನಲ್ಲಿಯೇ ಹೂವಿದೆ. ವಿಜಯನಗರದ ಕಾಲದಲ್ಲಿ ವಿರೂಪಾಕ್ಷನ ಪೂಜೆಗೆ ಅಲ್ಲಿಂದ ಹಡಗುಗಳಲ್ಲಿ ಹೂಗಳು ತುಂಗಭದ್ರೆಯ ಮೇಲೆ ಬರುತ್ತಿದ್ದುವೆಂದೂ ಅದರಿಂದಲೇ ಆ ಹೆಸರೆಂದೂ ಜನ ಹೇಳುತ್ತಾರೆ. ಸ್ಥಳನಾಮಗಳ ಬಗ್ಗೆ ಜನ ಹೇಳುವ ವ್ಯುತ್ಪತ್ತಿಗಳನ್ನು ನಂಬಬಾರದೆಂದು ಪಾಠ ಹೇಳಿದವನು ನಾನು. ಆದರೆ ಈ ಒಂದನ್ನು ನಂಬಲು ಆಸೆಯಾಗುತ್ತದೆ. ನಸುಕಿನ ಹೊಳೆಯ ಮೇಲೆ ಮಲ್ಲಿಗೆಯನ್ನು ಹೊತ್ತ ಹಡಗು ಇಳಿದುಬರುವ ದೃಶ್ಯವನ್ನು ಯಾವ ವ್ಯಾಕರಣಕ್ಕಾಗಿ ಬಿಟ್ಟುಕೊಡೋಣ? 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನ ಹಿಂದೆ ನೀರು ನಿಂತ ಮೇಲೆ ಅಂಥ ಹಡಗಿಗೆ ದಾರಿಯೂ ಇಲ್ಲ. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಊರಿನ ಹೆಸರು ಹೂವಿನ ಜೊತೆಗೆ ಕಾನೂನಿನ ಪ್ರಕಾರ ಸೇರಿಕೊಂಡಿದೆ.

ಇಂಥ ನೋಂದಣಿ ಪಡೆದ ಮತ್ತೊಂದು ನಮ್ಮ ಸೀಮೆಯದೇ: ಸಂಡೂರಿನ ಲಂಬಾಣಿ ಕಸೂತಿ. ಹುಡುಗಿಯ ಕೊನೆಯ ಯಾತ್ರೆ ಅಲ್ಲಿಗೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದರೆಂಬ ಮಾತು ನಮ್ಮಲ್ಲಿ ಪ್ರಚಲಿತ; ನಾವು ಹೋದದ್ದು ಬಿಸಿಲು ಕಾಲದಲ್ಲಿ, ಅದಿರಿನ ಕೆಂಪು ದೂಳು ಗಿಡದ ಎಲೆಗಳ ಮೇಲೆ ಕುಳಿತಿದ್ದಾಗ. ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿಗಳ ಮೇಲಿನ ಕನ್ನಡಿ, ಕವಡೆ, ನಾಣ್ಯಗಳ ಅಲಂಕಾರವನ್ನು ಸಂತೆಯಲ್ಲಿ ನೋಡದವರಿಲ್ಲ. ಅದರ ಹೊಲಿಗೆಯಲ್ಲಿ ಹದಿನಾಲ್ಕು ಬಗೆಗಳೆಂದು ಲೆಕ್ಕ: ಕಿಲಣ್, ವೇಲೆ, ಮಾಕಿ, ರೇಲೋ, ಜೋಳ್ಯಾ, ನಾಕ್ರಾ ಎಂದು ಮುಂತಾಗಿ. ಒಂದರ ಹೆಸರು ಸೂರ್ಯಕಾಂತಿ ಮಾಕಿ. ಎಂಬತ್ತರ ದಶಕದಲ್ಲಿ ಸ್ಥಾಪಿತವಾದ ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಈ ಕೈಗಳಿಗೆ ದೂರದ ಪೇಟೆಗಳು ದೊರೆತವು. 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಹಂಪೆಯಲ್ಲಿ ನಡೆದಾಗ, ಆ ಕೇಂದ್ರಕ್ಕೆ ಸೇರಿದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದರ ಸುದ್ದಿಯನ್ನು ನಾನು ಹೆಮ್ಮೆಯಿಂದಲೇ ಓದಿದೆ. ಸಂಖ್ಯೆಗಳು ಇಂದಿಗೂ ನೆನಪಿವೆ. ಒಂದು ಹೆಸರೂ ನೆನಪಿಲ್ಲ.

ಸಂಡೂರಿನ ಹತ್ತಿರದ ಒಂದು ತಾಂಡೆಯಲ್ಲಿ, ಬೇವಿನ ನೆರಳಿನಲ್ಲಿ ಕುಳಿತು ಹೊಲಿಯುತ್ತಿದ್ದ ಹೆಂಗಸೊಬ್ಬರು ಹುಡುಗಿಗೆ ಸೂರ್ಯಕಾಂತಿ ಮಾಕಿಯನ್ನು ತೋರಿಸಿಕೊಟ್ಟರು. ಇವಳು ಅದನ್ನು ಕಾಗದಕ್ಕೆ ಇಳಿಸಿಕೊಂಡು, ದೊಡ್ಡದಾಗಿ ಮಾಡಿ, ರೇಷ್ಮೆಪರದೆಯಲ್ಲಿ ನಾಲ್ಕು ಬಣ್ಣಗಳಲ್ಲಿ ಮುದ್ರಿಸಬೇಕೆಂದಿದ್ದಳು. ಅನುಮತಿ ಕೇಳಿದಳು. ಆ ಹೆಂಗಸಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಹೂವಿಗೆ ಯಾರಪ್ಪಣೆ ಬೇಕು, ಬರಕೋ ಎಂದರು. ನಿಮ್ಮ ಹೆಸರನ್ನು ಕೆಳಗೆ ಹಾಕಬೇಕು ಎಂದಾಗ ತಲೆವಸ್ತ್ರವನ್ನು ಎಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಹೇಳಿದ ಮೇಲೆ, ಇದನ್ನು ಕಲಿಸಿದವಳು ತನ್ನ ತಾಯಿ, ಅವಳ ಹೆಸರನ್ನೂ ಹಾಕು, ಅದನ್ನು ಮೊದಲು ಹಾಕು ಎಂದರು.

ಹಿಂದಿರುಗುವ ಬಸ್ಸಿನಲ್ಲಿ ನಾನು ಮೌನವಾಗಿದ್ದೆ. ಕಾರಣ ಕೇಳಿದಳು, ಹೇಳಬೇಕಾಯಿತು. 1986ರಲ್ಲಿ, ಎಳೆಯ ಅಧ್ಯಾಪಕನಾಗಿದ್ದಾಗ, ನಾನು ಅದೇ ಸೀಮೆಯ ಇನ್ನೊಂದು ತಾಂಡೆಗೆ ಹಾಡು ಸಂಗ್ರಹಿಸಲು ಹೋಗಿದ್ದೆ. ಜಾನಪದದ ಉತ್ಸಾಹ ನಾಡಿನ ತುಂಬ ಹರಡಿದ್ದ ಕಾಲ. ಒಬ್ಬ ಮುದುಕಿ ಹೊಲಿಯುತ್ತ ಹೊಲಿಯುತ್ತ, ಕೈಯ ಲಯಕ್ಕೆ ಸರಿಯಾಗಿ, ಮಧ್ಯಾಹ್ನವಿಡೀ ಹಾಡಿದಳು. ನಾನು ಹನ್ನೊಂದು ಹಾಡುಗಳನ್ನು ಬರೆದುಕೊಂಡೆ. ಅವು ಒಂದು ಸಂಚಿಕೆಯಲ್ಲಿ ನನ್ನ ಲೇಖನದೊಡನೆ ಪ್ರಕಟವಾದವು. ಆ ಲೇಖನವೇ ನನಗೆ ಮುಂದೆ ನಾಲ್ಕು ಕಡೆ ಮರ್ಯಾದೆ ತಂದುಕೊಟ್ಟಿತು. "ಆಕೆಯ ಹೆಸರೇನು ತಾತ?" ಎಂದಳು ಹುಡುಗಿ.

ಮನೆಗೆ ಬಂದವನೇ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿದೆ. ಸಂಚಿಕೆ ಸಿಕ್ಕಿತು, ಟಿಪ್ಪಣಿ ಪುಸ್ತಕವೂ ಸಿಕ್ಕಿತು. ಲೇಖನದ ಕೊನೆಯಲ್ಲಿ ಉಪಕಾರಸ್ಮರಣೆಯಿದೆ. ಜೀಪು ಕೊಟ್ಟವರಿಗೆ, ಜೊತೆಗೆ ಬಂದ ಶಾಲೆಯ ಹೆಡ್ ಮಾಸ್ತರರಿಗೆ, ತಾಂಡೆಯ ನಾಯಕರಿಗೆ, ಕರಡು ತಿದ್ದಿದ ಮಿತ್ರರಿಗೆ ಹೆಸರು ಹೆಸರಾಗಿ ವಂದನೆಗಳು. ಹಾಡುಗಳ ಕೆಳಗೆ ಮಾತ್ರ, ಹಾಡಿದಾಕೆ ಒಬ್ಬ ಲಂಬಾಣಿ ವೃದ್ಧೆ ಎಂದಿದೆ. ಟಿಪ್ಪಣಿ ಪುಸ್ತಕದಲ್ಲಿ ಆಕೆಯ ವಯಸ್ಸನ್ನು ಅಂದಾಜಿನಿಂದ ಬರೆದಿದ್ದೇನೆ. ಕೈಬಳೆಗಳನ್ನು ಎಣಿಸಿ ಬರೆದಿದ್ದೇನೆ. ಹೊಲಿಯುತ್ತಿದ್ದ ಬಟ್ಟೆಯ ಬಣ್ಣವನ್ನು ಬರೆದಿದ್ದೇನೆ. ಹೆಸರನ್ನು ಕೇಳಿದ ಗುರುತಿಲ್ಲ. ವಾರ್ಹಾಲನನ್ನು ಕಳ್ಳನೆಂದು ನಾನು ಹಿತ್ತಿಲಿನಲ್ಲಿ ಕುಳಿತು ಕರೆದದ್ದು ಅದಕ್ಕೆ ಕೇವಲ ಹತ್ತು ದಿನ ಹಿಂದೆ. ಅವನ ಮೇಲೆ ದಾವೆ ಹೂಡುವವರಾದರೂ ಇದ್ದರು.

ಮುಂದಿನ ವಾರ ನಾವಿಬ್ಬರೂ ಆ ತಾಂಡೆಯನ್ನು ಹುಡುಕಿಕೊಂಡು ಹೋದೆವು. ಮನೆಗಳು ಬದಲಾಗಿವೆ, ಎಷ್ಟೋ ಕುಟುಂಬಗಳು ಗುಳೆ ಹೋಗಿ ಬಂದು, ಮತ್ತೆ ಹೋಗಿವೆ. ನನ್ನಲ್ಲಿ ಆಕೆಯ ಭಾವಚಿತ್ರವಿಲ್ಲ. ಬೇರೆ ದಾರಿ ಕಾಣದೆ, ಎಪ್ಪತ್ತು ದಾಟಿದ ಹೆಂಗಸೊಬ್ಬರ ಮುಂದೆ ಕುಳಿತು, ಬರೆದುಕೊಂಡಿದ್ದ ಒಂದು ಹಾಡನ್ನು ನನ್ನ ಒಡಕು ದನಿಯಲ್ಲಿ ಹೇಳಿದೆ. ಸುತ್ತ ನಿಂತಿದ್ದ ಮಕ್ಕಳು ನಕ್ಕರು. ಆಕೆ ನಗಲಿಲ್ಲ, ಎರಡನೆಯ ಸಾಲನ್ನು ತಿದ್ದಿದರು. ಇದನ್ನು ಹಾಡುತ್ತಿದ್ದವರು ಆಗ ಮೂರು ನಾಲ್ಕು ಮಂದಿ ಇದ್ದರೆಂದು ಹೇಳಿ, ಮೂರು ಹೆಸರುಗಳನ್ನು ನೆನಪಿಸಿಕೊಂಡರು. ಅವರಲ್ಲಿ ಯಾರು ಅಂದು ಹೊಲಿಯುತ್ತ ಕುಳಿತಿದ್ದವರು ಎಂಬುದನ್ನು ಹೇಳಬಲ್ಲವನು ನಾನೊಬ್ಬನೇ. ನಾನು ಮುಖವನ್ನು ಮರೆತಿದ್ದೇನೆ. ಮೂರು ಹೆಸರುಗಳನ್ನೂ ಹಳೆಯ ಟಿಪ್ಪಣಿ ಪುಸ್ತಕದಲ್ಲಿ, ಬಳೆಗಳ ಲೆಕ್ಕದ ಕೆಳಗೆ, ಬರೆದಿಟ್ಟಿದ್ದೇನೆ. ತಿದ್ದಿದ ಸಾಲನ್ನೂ, ತಿದ್ದಿದವರ ಹೆಸರನ್ನೂ ಬರೆದಿದ್ದೇನೆ.

ಹುಡುಗಿಯ ಚಿತ್ರಗಳಲ್ಲಿ ಐದು ಮುಗಿದಿವೆ. ನಮ್ಮ ಹಿತ್ತಿಲಿನ ದಾಸವಾಳವನ್ನು ಅವಳೇ ಫೋಟೋ ತೆಗೆದು ಮುದ್ರಿಸಿದ್ದಾಳೆ. ಕೆಳಗೆ ದಾಸವಾಳವೆಂದು ಕನ್ನಡದಲ್ಲಿ ಬರೆದು, ಕಾಲ್ಫೀಲ್ಡ್ ಅವರ ಹೆಸರನ್ನೂ ವಾರ್ಹಾಲನ ಹೆಸರನ್ನೂ ಆ ಕ್ರಮದಲ್ಲಿಯೇ ಹಾಕಿದ್ದಾಳೆ. ಕಂಪ್ಲಿಯ ಕಮಲಕ್ಕೆ ತಂಗಿಯ ಅತ್ತೆಯ ಹೆಸರಿದೆ. ಅಚ್ಚನ್ನು ಮಾಡಿದ ತಗಡಿನ ಕೆಲಸದವನದು ಇಲ್ಲ. ಸೂರ್ಯಕಾಂತಿಗೆ ತಾಯಿ ಮಗಳಿಬ್ಬರ ಹೆಸರು. ಪುಷ್ಪಬೋದಿಗೆಯ ಕೆಳಗಿನ ಗೆರೆ ಇನ್ನೂ ಖಾಲಿಯಾಗಿದೆ. ಅದನ್ನು ಖಾಲಿಯಾಗಿಯೇ ಮುದ್ರಿಸುತ್ತಾಳಂತೆ. ಮಲ್ಲಿಗೆ ಮಾತ್ರ ಉಳಿದಿದೆ. ಹಡಗಲಿಯ ತೋಟಗಳಲ್ಲಿ ಮೊಗ್ಗು ಬಿಡಿಸುವುದು ಬೆಳಕು ಹರಿಯುವ ಮುನ್ನವಾದ್ದರಿಂದ ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು. ಭಾನುವಾರಕ್ಕೆ ಹೊರಡುವುದೆಂದು ನಿಶ್ಚಯವಾಗಿದೆ. ಸುರಗಿ ಎಲ್ಲಿ ನೋಡಸಿಗುತ್ತದೆಂಬುದನ್ನೂ ಅಲ್ಲಿಯೇ ಯಾರನ್ನಾದರೂ ಕೇಳಬೇಕೆಂದಿದ್ದೇನೆ.